ಲೋನ್ ಸೀಡರಿನ ಕಾಡುಗಲ್ಲು

ಶನಿವಾರ ಬೆಳಿಗ್ಗೆ ಕಾರ್ಲೀನ್ ತಿಂಡಿಯ ಮೆತ್ತನೆ ಬಿಸ್ಕಿಟ್ಟಿಗೆ ಹಿಟ್ಟು ಕಲಸುತ್ತಿದ್ದಳು. ಹಿಟ್ಟಿಗೆ ಕೊಬ್ಬು ಉಜ್ಜಿ, ಮಜ್ಜಿಗೆ ಹೊಯ್ದು, ಹಲಗೆಯ ಮೇಲೆ ದಪ್ಪಗೆ ತಟ್ಟಿ, ಲೋಟದ ಬಾಯಿಂದ ಎರಡು ಬಿಲ್ಲೆ ಕತ್ತರಿಸಿದ್ದಳಷ್ಟೇ, ಹಿಂಬಾಗಿಲು ತೆರೆಯಿತು. ಅತ್ತೆ ಇಮೋಜೀನ್ ಹೊಸಿಲಲ್ಲೇ ನಿಂತಿದ್ದರು. ಲಂಗದ ಅಂಚು ಮಂಜಿನಲ್ಲಿ ತೊಯ್ದು ಕಾಲಿಗೆ ಅಂಟಿಕೊಂಡಿತ್ತು. ಗುದ್ದಲಿಯನ್ನು ಹೊರಗೆ ಇಡುವುದನ್ನೂ ಮರೆತು ಒಳಗೇ ತಂದಿದ್ದರು.

"ರಾಯ್ಸ್ ಎಲ್ಲಿ?"

"ಸ್ನಾನ ಮಾಡ್ತಿದಾನೆ. ಯಾಕತ್ತೆ, ಎಲ್ಲಾದ್ರೂ ಬಿದ್ರಾ?"

"ನಾನೇನೂ ಬಿದ್ದಿಲ್ಲ. ಕರಿ ಅವನನ್ನ."

ಮೇಜಿನ ಬಳಿ ಹಾಲು ಕುಡಿಯುತ್ತಿದ್ದ ಲೇನಿ, ಒಂಬತ್ತು ವರ್ಷದ ಮಗಳು, ಅಜ್ಜಿಯ ಗುದ್ದಲಿಯನ್ನೇ ನೋಡಿದಳು. ಅದಕ್ಕೆ ಒಂದು ಕಣ ಮಣ್ಣೂ ಹತ್ತಿರಲಿಲ್ಲ.

ಅತ್ತೆ ಎಲ್ಲಿಗೆ ಹೋಗಿದ್ದರೆಂದು ಯಾರೂ ಕೇಳಬೇಕಾಗಿರಲಿಲ್ಲ. ಮೇ ತಿಂಗಳ ನಾಲ್ಕನೆಯ ಭಾನುವಾರ ಹೂವಿನ ಭಾನುವಾರ. ಅಷ್ಟರೊಳಗೆ ಗುಡ್ಡದ ಮೇಲಿನ ಸ್ಮಶಾನದಲ್ಲಿ ಒಂದೆಳೆ ಹುಲ್ಲೂ ಉಳಿಯಬಾರದು. ಪ್ರತಿ ಮನೆಯವರೂ ಗುದ್ದಲಿ ಹಿಡಿದು ಬಂದು ತಮ್ಮ ತಮ್ಮವರ ಗೋರಿಯನ್ನು ಬರಿ ಮಣ್ಣು ಕಾಣುವಷ್ಟು ಹೆರೆದು, ಮಣ್ಣನ್ನು ದಿಬ್ಬ ಏರಿಸಿ, ಕಡ್ಡಿಪೊರಕೆಯಲ್ಲಿ ಗುಡಿಸಿ, ಆಮೇಲೆ ಹೂವಿಡುವುದು. ಗೋರಿಯ ಮೇಲೆ ಹುಲ್ಲು ನಿಂತಿದೆ ಎಂದರೆ ಆ ಸತ್ತವನಿಗೆ ಹಿಂದೆ ಮುಂದೆ ಯಾರೂ ಇಲ್ಲವೆಂದೇ ಅರ್ಥ. ಇಮೋಜೀನರಿಗೆ ಎಪ್ಪತ್ತೆಂಟು. ಬಾಗಿ ಹೆರೆಯುವುದು ನಿಧಾನವಾಗುತ್ತದೆಂದು ಅವರು ಮೂರು ವಾರ ಮೊದಲೇ, ಗಂಡ ಓಟಿಸನ ಗೋರಿಯಿಂದ ಕೆಲಸ ಶುರು ಮಾಡುತ್ತಿದ್ದರು.

ಕಾರ್ಲೀನಳ ಗಂಡ ರಾಯ್ಸ್ ಒದ್ದೆ ತಲೆಯಲ್ಲೇ ಬಂದ. ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುವವನು. ಶನಿವಾರ ಒಂದೇ ದಿನ ಅವನಿಗೆ ನಿಧಾನದ ಸ್ನಾನ.

"ಗುಡ್ಡದ ಮೇಲೆ ಏನು ಮಾಡಿದೀಯ ನೀನು?"

"ನೋಡಿದ್ಯಾ? ಹುಲ್ಲು ಕತ್ತರಿಸ್ದೆ. ಗುರುವಾರ ಸಂಜೆ, ನಾನೂ ಹರ್ಷೆಲ್ಲೂ. ನೀನು ಖುಷಿಪಡ್ತೀಯ ಅಂದ್ಕೊಂಡಿದ್ದೆ. ಇನ್ಮೇಲೆ ಯಾರೂ ಸೊಂಟ ಮುರ್ಕೊಂಡು ಹೆರೀಬೇಕಾಗಿಲ್ಲ. ಹುಲ್ಲು ಬೆಳೆಯೋಕೆ ಬಿಡೋದು, ಹದಿನೈದು ದಿನಕ್ಕೊಂದ್ಸಲ ಮಷಿನ್ ಓಡಿಸೋದು. ಪೇಟೇಲೆಲ್ಲ ಹಾಗೇ."

"ಕಲ್ಲುಗಳು?"

"ಯಾವ ಕಲ್ಲು?"

"ಕಾಡುಗಲ್ಲು, ರಾಯ್ಸ್."

"ಓ, ಅವಾ? ಬ್ಲೇಡಿಗೆ ಸಿಕ್ತಿದ್ವಮ್ಮ. ಎರಡು ಬ್ಲೇಡ್ ಹಾಳಾಯ್ತು. ಎತ್ತಿ ಹಾಕಿದ್ವಿ. ಅಕ್ಷರ ಇರೋ ಒಂದನ್ನೂ ಮುಟ್ಟಿಲ್ಲ, ಬೇಕಾದ್ರೆ ಹರ್ಷೆಲ್‌ನ ಕೇಳು."

"ಎತ್ತಿ ಎಲ್ಲಿ ಹಾಕಿದ್ರಿ?"

"ಚರ್ಚಿನ ದಾರೀಲಿ ಮಳೆನೀರು ಕೊರೆದಿತ್ತಲ್ಲ, ಆ ಗುಂಡಿಗೆ. ಚೆನ್ನಾಗಿ ಕೂತ್ಕೊಂಡ್ವು. ಈಗ ಕಾರು ಕುಲುಕದೇ ಹೋಗುತ್ತೆ." ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಇಮೋಜೀನ್ ಗುದ್ದಲಿಯನ್ನು ಗೋಡೆಗೆ ಒರಗಿಸಿದರು. "ನಲವತ್ತೊಂದು ಕಲ್ಲು ಇತ್ತು ಅಲ್ಲಿ. ಅಂದ್ರೆ ನಲವತ್ತೊಂದು ಜನ. ಕಲ್ಲು ಕೆತ್ತಿಸೋಕೆ ಕೈಲಾಗದೇ ಇದ್ದವರು. ಹೊಳೇ ಕಡೆಯಿಂದ ಒಂದು ಕಲ್ಲು ತಂದು ತಲೆ ಹತ್ರ ನಿಲ್ಸಿದ್ರು, ಅಷ್ಟೇ." ನೋಡಬಾರದೆಂದುಕೊಂಡೇ ಸೊಸೆಯ ಕಡೆ ನೋಡಿಬಿಟ್ಟರು.

ರಾಯ್ಸ್ ಆ ನೋಟವನ್ನು ಹಿಂಬಾಲಿಸಿದ. ಮೊದಲು ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಕುರ್ಚಿ ಎಳೆದುಕೊಂಡು ಕುಳಿತ.

"ಕಾರ್ಲೀನ್," ಎಂದ.

ಅವಳು ಲೋಟ ಒತ್ತಿ ಮೂರನೆಯ ಬಿಲ್ಲೆ ಕತ್ತರಿಸಿದಳು. "ಎಲ್ಲರೂ ಕೂತ್ಕೊಳ್ಳಿ," ಎಂದಳು. "ಬಿಸ್ಕಿಟ್ ಆರಿಹೋಗುತ್ತೆ."

ಬಿಸ್ಕಿಟ್ಟು ಇನ್ನೂ ಒಲೆಗೇ ಹೋಗಿರಲಿಲ್ಲ.

ಅದು ನಡೆದು ಹನ್ನೊಂದು ವರ್ಷವಾಗಿತ್ತು. ಎಂಟು ತಿಂಗಳು ತುಂಬಿದ ಮೇಲೆ ಒಂದು ದಿನ ಹೊಟ್ಟೆಯಲ್ಲಿ ಮಿಸುಕಾಟ ನಿಂತಿತು. ಕಾರ್ಲೀನಳನ್ನು ದೊಡ್ಡ ಊರಿನ ಆಸ್ಪತ್ರೆಗೆ ಒಯ್ದರು. ಗಂಡುಮಗು. ಉಸಿರು ಇರಲಿಲ್ಲ. ಅವಳಿಗೆ ಜ್ವರ ಏರಿ ಒಂಬತ್ತು ದಿನ ಅಲ್ಲೇ ಮಲಗಿಸಿಕೊಂಡರು. ರಾಯ್ಸ್ ಆಗ ಲೂಯಿಸಿಯಾನಾದಲ್ಲಿ ಕೊಳವೆ ಹಾಕುವ ಕೆಲಸದಲ್ಲಿದ್ದ. ಸುದ್ದಿ ಮುಟ್ಟಿ, ರಜೆ ಸಿಕ್ಕಿ, ಅವನು ಬರುವ ಹೊತ್ತಿಗೆ ಇಮೋಜೀನ್ ಗಂಡನ ಬಿಳಿ ಅಂಗಿಯನ್ನು ಕತ್ತರಿಸಿ ಸಣ್ಣದೊಂದು ನಿಲುವಂಗಿ ಹೊಲಿದಿದ್ದರು, ನೆರೆಮನೆಯ ಹರ್ಷೆಲ್ ಪೆಟ್ಟಿಗೆ ಮಾಡಿದ್ದ, ಮಣ್ಣೂ ಆಗಿತ್ತು. ಕಾರ್ಲೀನ್ ಮನೆಗೆ ಬಂದ ಮೇಲೆ ಅತ್ತೆ ಅವಳ ಕೈಹಿಡಿದು ಗುಡ್ಡ ಹತ್ತಿಸಿ, ಕಂದು ಬಣ್ಣದ ಚಪ್ಪಟೆ ಕಲ್ಲೊಂದನ್ನು ತೋರಿಸಿದರು. ನಡುವೆ ಒಂದು ಬಿಳಿ ಗೆರೆ ಇದ್ದ ಕಲ್ಲು. ಅಂದಿನಿಂದ ಪ್ರತಿ ವರ್ಷ ಅವಳು ಆ ಕಲ್ಲನ್ನು ಹುಡುಕಿಕೊಂಡು ಹೋಗಿ, ಸುತ್ತ ಹೆರೆದು, ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತು ಬರುತ್ತಿದ್ದಳು. ಅವಳಿಗೆ ಗೊತ್ತಿದ್ದುದು ಕಲ್ಲು. ಜಾಗವನ್ನು ಅವಳು ಗುರುತು ಹಾಕಿಕೊಂಡಿರಲೇ ಇಲ್ಲ. ಕಲ್ಲು ಎಲ್ಲಿಗೆ ಹೋದೀತು?

ರಾಯ್ಸ್ ಗೇಟಿನ ಹೊರಗೇ ಉಳಿಯುತ್ತಿದ್ದ. ಮರದ ಕೆಳಗೆ ಊಟದ ಮೇಜು ಜೋಡಿಸುವುದು, ಕುರ್ಚಿ ಹೊರುವುದು, ಟೀ ಡಬ್ಬಕ್ಕೆ ಐಸು ತುಂಬುವುದು ಅವನ ಪಾಲಿನ ಕೆಲಸ. ಒಳಗೆ ಯಾಕೆ ಬರುವುದಿಲ್ಲವೆಂದು ಅವಳು ಕೇಳಿರಲಿಲ್ಲ. ಅವನು ಹೇಳಿರಲಿಲ್ಲ.

ಆ ಶನಿವಾರದಿಂದ ಇಮೋಜೀನ್ ಮಗನ ಜತೆ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟರು. ತಟ್ಟೆಗೆ ಬೀನ್ಸ್ ಕಾಳು, ಸೊಪ್ಪು, ಮೆಕ್ಕೆಜೋಳದ ರೊಟ್ಟಿ ಹಾಕಿಸಿಕೊಂಡು ಹೊರಗಿನ ಪಡಸಾಲೆಗೆ ಹೋಗುತ್ತಿದ್ದರು. ಜಾಲರಿ ಬಾಗಿಲೊಂದೇ ಅಡ್ಡ. ಮಾತೆಲ್ಲ ಲೇನಿಯ ಮೂಲಕ.

"ಲೇನಿ, ನಿಮ್ಮಪ್ಪನಿಗೆ ಹೇಳು, ಉಪ್ಪಿನ ಡಬ್ಬಿ ಅವನ ಹತ್ರಾನೇ ಇದೆ ಅಂತ."

"ಅಪ್ಪ, ಅಜ್ಜಿಗೆ ಉಪ್ಪು ಬೇಕಂತೆ."

"ಕೇಳಿಸ್ತು ಮಗಳೇ. ನಾಲ್ಕು ಹೆಜ್ಜೆ ದೂರದಲ್ಲಿದಾಳೆ. ಡಾಕ್ಟರು ಅವಳಿಗೆ ಉಪ್ಪು ಬೇಡ ಅಂದಿದಾರೆ, ಅದನ್ನೂ ಹೇಳು."

"ಡಾಕ್ಟರು ಹೇಳಿದ್ದನ್ನ ಕೇಳ್ತಾನೆ, ಹೆತ್ತವಳನ್ನ ಒಂದು ಮಾತು ಕೇಳೋಕೆ ಅವನಿಗೆ ಪುರಸೊತ್ತಿರ್ಲಿಲ್ಲ ಅಂತ ಹೇಳು."

"ಚರ್ಚಿನ ಮೀಟಿಂಗಲ್ಲಿ ಎಲ್ಲರೂ ಕೈ ಎತ್ತಿದ್ರು ಅಂತ ಹೇಳು. ಹೆರೆಯೋಕೆ ಉಳಿದಿರೋದು ಏಳೇ ಜನ, ಅದರಲ್ಲಿ ನಾಲ್ಕು ಜನಕ್ಕೆ ಬಗ್ಗಿದ್ರೆ ಏಳೋಕಾಗಲ್ಲ ಅಂತಾನೂ ಹೇಳು."

"ನಾನು ಕೈ ಎತ್ತಿದ್ದು ಹುಲ್ಲಿಗೆ. ಕಲ್ಲಿಗಲ್ಲ."

"ಅಜ್ಜಿ, ನನ್ನ ರೊಟ್ಟಿ ತಣ್ಣಗಾಯ್ತು," ಎಂದಳು ಲೇನಿ. "ನೀವಿಬ್ರೂ ಸ್ವಲ್ಪ ನೀವೇ ಮಾತಾಡ್ಕೊಳ್ಳಿ."

ಕಾರ್ಲೀನಳಿಗೆ ನಗು ಬಂತು. ಬಂದ ನಗುವನ್ನು ಬಟ್ಟಲಿನ ಕಡೆ ತಿರುಗಿಸಿಕೊಂಡಳು. ಅವಳು ಯಾರ ಮೇಲೂ ಕೂಗಿರಲಿಲ್ಲ. ಅದೇ ರಾಯ್ಸನಿಗೆ ಹೆಚ್ಚು ಭಾರವಾಗಿತ್ತು. ಅಮ್ಮನ ಸಿಟ್ಟು ಅವನಿಗೆ ಹುಟ್ಟಿದಾಗಿನಿಂದ ಗೊತ್ತು, ಹೆಂಡತಿಯ ಸುಮ್ಮನಿರುವಿಕೆಗೆ ಎಲ್ಲಿ ಕೈಹಾಕಬೇಕೋ ತಿಳಿಯದು.

ಮರುದಿನ ಭಾನುವಾರ, ಚರ್ಚಿನಲ್ಲಿ ಪ್ರಾರ್ಥನೆ ಮುಗಿದದ್ದೇ ಅವನು ಅಂಗಿಯ ತೋಳು ಮಡಿಸಿ ಆ ಗುಂಡಿಗೆ ಇಳಿದ. ಮಧ್ಯಾಹ್ನದವರೆಗೂ ಅಗೆದು, ಕೆಸರು ಮೆತ್ತಿದ ಮೂವತ್ತೆಂಟು ಕಲ್ಲು ಹೊರಗೆ ತೆಗೆದು, ಪಿಕಪ್ಪಿನ ಹಿಂದೆ ತುಂಬಿಕೊಂಡು ಬಂದು ಅಂಗಳದಲ್ಲಿ ಸಾಲಾಗಿ ಇಳಿಸಿದ. ಮೂರು ಸಿಗಲೇ ಇಲ್ಲ. ಕಾರ್ಲೀನ್ ಬಕೆಟ್ಟು, ಬ್ರಷ್ಷು ತಂದಳು. ಲೇನಿ ನೀರು ಹೊಯ್ದಳು. ಇಮೋಜೀನ್ ಕುರ್ಚಿ ಹಾಕಿಸಿಕೊಂಡು, ಒಂದೊಂದು ಕಲ್ಲನ್ನೂ ಮಡಿಲಿಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಇದು ನನ್ನ ದೊಡ್ಡಮ್ಮ ಲೂಡಿದು. ಮಹಾ ಜಗಳಗಂಟಿ. ಮುಟ್ಟಿ ನೋಡು, ಕಲ್ಲೂ ಚುಚ್ಚುತ್ತೆ. ಇದು ಕ್ಲೀಟಸ್, ಮಿಸ್ತ್ರಿ. ಇದು ಹೀಬ್ರನ್ ಊರಿನಿಂದ ಬಂದ ಸೊಸೆ, ಪಾಪ, ಒಂದೇ ವರ್ಷ ಬಾಳಿದ್ಲು. ಹೀಬ್ರನ್ನವರು ಅವಳನ್ನ ನಮ್ಮಲ್ಲೇ ಹಾಕಿ ಹೋದ್ರು, ಇವತ್ತಿಗೂ ಒಂದು ಹೂವು ತಂದವರಲ್ಲ."

"ಇದು?" ಎಂದು ಲೇನಿ ಚಪ್ಪಟೆ ಕಲ್ಲೊಂದನ್ನು ತೋರಿಸಿದಳು. ಕೆಸರು ತೊಳೆದ ಕಡೆ ಬಿಳಿ ಗೆರೆ ಕಾಣುತ್ತಿತ್ತು.

"ಅದು ನಿಮ್ಮಮ್ಮಂದು," ಎಂದರು ಇಮೋಜೀನ್, ಮತ್ತು ಬೇಗನೆ ಮುಂದಿನ ಕಲ್ಲಿಗೆ ಕೈಚಾಚಿದರು.

ಕಾರ್ಲೀನ್ ಆ ಕಲ್ಲನ್ನು ತಾನೇ ಉಜ್ಜಿ ತೊಳೆದು, ಏಪ್ರನ್ನಿನಲ್ಲಿ ಒರೆಸಿ, ಬಿಸಿಲಿಗೆ ಇಟ್ಟಳು.

"ಅಮ್ಮ, ಒಂದು ಕೇಳ್ಲಾ?"

"ಬಕೆಟ್ಟಿನ ನೀರು ಬದಲಾಯ್ಸು ಮಗಳೇ. ಕೆಸರಾಗಿದೆ."

ಕಲ್ಲು ಸಿಕ್ಕಿತು ಎಂದು ರಾಯ್ಸ್ ಒಳಗೊಳಗೇ ಉಸಿರುಬಿಟ್ಟ. ಆದರೆ ಕಲ್ಲು ಸಿಕ್ಕರೆ ಅರ್ಧ ಕೆಲಸ. ಅದನ್ನು ಎಲ್ಲಿ ನಿಲ್ಲಿಸುವುದು?

ಸೋಮವಾರ ಕಾರ್ಲೀನ್ ತಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಿಂದ, ಮುನ್ನೂರು ಮಕ್ಕಳ ಊಟದ ತಟ್ಟೆ ತೊಳೆದಾದ ಮೇಲೆ, ಕೌಂಟಿ ಕಚೇರಿಗೆ ಫೋನು ಮಾಡಿದಳು. ಕಚೇರಿ ಇಪ್ಪತ್ತೆರಡು ಮೈಲಿ ದೂರ.

"ಲೋನ್ ಸೀಡರ್ ಸ್ಮಶಾನದ ನಕ್ಷೆ ಇದೆಯಾ ನಿಮ್ಮ ಹತ್ರ? ಯಾರನ್ನ ಎಲ್ಲಿ ಹೂತಿದಾರೆ ಅನ್ನೋದು?"

"ಲೋನ್ ಸೀಡರ್ ಅಂದ್ರೆ..." ಎಂದಳು ಆ ಕಡೆಯ ಹೆಂಗಸು. ಕಾಗದ ತಿರುವುವ ಸದ್ದು. "ಇದು ಯಾವ ಪಟ್ಟಣಕ್ಕೆ ಸೇರುತ್ತಮ್ಮ?"

"ಯಾವುದಕ್ಕೂ ಸೇರಲ್ಲ. ಅದೇ ಲೋನ್ ಸೀಡರ್. ಹದಿನಾಲ್ಕು ಮನೆ, ಒಂದು ಚರ್ಚು. ಮುಂಚೆ ಒಂದು ಅಂಗಡಿ ಇತ್ತು."

"ಊರಾಡಳಿತ ಇಲ್ವಾ? ಮೇಯರು?"

"ಮೇಯರಾ? ನಮ್ಮಲ್ಲಿ ಹರ್ಷೆಲ್ ಇದಾನೆ. ಅವನ ಹತ್ರ ಟ್ರಾಕ್ಟರ್ ಇದೆ."

ಆ ಹೆಂಗಸು ನಕ್ಕಳು, ಕೆಟ್ಟ ನಗುವಲ್ಲ. "ನಮ್ಮ ಪುಸ್ತಕದಲ್ಲಿ ಆ ಹೆಸರಿನ ಊರೇ ಇಲ್ಲಮ್ಮ. ನಾನು ಟಿಕ್ ರಿಜ್ಜಿನವಳು, ನಮ್ಮದೂ ಇಲ್ಲ. ನಮ್ಮಲ್ಲಿ ಇಂಥದ್ದು ಬೇಕಾದ್ರೆ ನಮ್ಮಜ್ಜಿನ ಕೇಳ್ತಿದ್ವಿ. ನಿಮ್ಮಲ್ಲಿ ಹಿರಿಯರು ಯಾರಾದ್ರೂ ಇದಾರಾ?"

"ಇದಾರೆ," ಎಂದಳು ಕಾರ್ಲೀನ್. "ನಮ್ಮತ್ತೆ."

"ಹಾಗಾದ್ರೆ ನಿಮ್ಮ ಪುಣ್ಯ."

ಆ ವಾರವೆಲ್ಲ ಇಮೋಜೀನ್ ದಿನಾ ಬೆಳಿಗ್ಗೆ ಗುಡ್ಡ ಹತ್ತಿದರು. ಹರ್ಷೆಲ್ ಕಲ್ಲು ಹೊತ್ತು ಹಿಂದೆ ಹಿಂದೆ ಹೋಗುತ್ತಿದ್ದ. ಓಟಿಸನ ತಲೆಯಿಂದ ಆರು ಹೆಜ್ಜೆ, ಕ್ಲೀಟಸ್. ಅವನ ಎಡಕ್ಕೆ ಅವನ ಹೆಂಡತಿ, ಬದುಕಿದ್ದಾಗ ಬಲಕ್ಕೆ ಮಲಗುತ್ತಿದ್ದಳಂತೆ, ಆ ಮಾತು ಬೇರೆ. ಲೂಡಿ ದೊಡ್ಡಮ್ಮ ಎಲ್ಲರಿಂದ ದೂರ, ಬೇಲಿಗೆ ಮೈಕೊಟ್ಟು. ಶುಕ್ರವಾರದ ಹೊತ್ತಿಗೆ ಮೂವತ್ತು ಕಲ್ಲು ನಿಂತವು, ಮುಂದಿನ ಸೋಮವಾರಕ್ಕೆ ಇನ್ನೂ ಏಳು. ಬಿಳಿ ಗೆರೆಯ ಕಲ್ಲು ಮಾತ್ರ ಅಡುಗೆಮನೆಯ ಕಿಟಕಿಯಲ್ಲೇ ಇತ್ತು. ಕಾರ್ಲೀನ್ ಪಾತ್ರೆ ತೊಳೆಯುವಾಗಲೆಲ್ಲ ಅದು ಎದುರಿಗೆ.

ಅವಳು ಎರಡು ದಿನ ಕಾದಳು. ಮೂರನೆಯ ದಿನ ಸಂಜೆ ಅತ್ತೆ, ಸೊಸೆ ಪಡಸಾಲೆಯಲ್ಲಿ ಬಟಾಣಿ ಸುಲಿಯುತ್ತಿದ್ದರು.

"ಅತ್ತೆ, ನಾಳೆ ನಾನು ಕೆಲಸಕ್ಕೆ ಸ್ವಲ್ಪ ತಡವಾಗಿ ಹೋಗ್ತೀನಿ. ಆ ಕಲ್ಲನ್ನ ಇಟ್ಟು ಬರೋಣ."

ಇಮೋಜೀನ್ ಒಂದು ಕಾಯಿ ಸುಲಿದು, ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಬಟ್ಟಲಿಗೂ ಹಾಕಿದರು.

"ನನಗೆ ಗೊತ್ತಿಲ್ಲ ಕಣೇ," ಎಂದರು.

"ಏನು?"

"ಜಾಗ. ಆಗ ನಾನು ಸೀಡರ್ ಮರದಿಂದ ಎಣಿಸಿದ್ದೆ. ಮರದ ಬುಡದಿಂದ ಒಂಬತ್ತು ಹೆಜ್ಜೆ, ಬೇಲಿಯಿಂದ ಐದು. ಮರ ಸುಂಟರಗಾಳಿಗೆ ಬಿತ್ತು. ಬೊಡ್ಡೆನೂ ಕಿತ್ತು ಮಣ್ಣು ಸಮ ಮಾಡಿದ್ರು. ಬೇಲಿ ಹಿಂದಕ್ಕೆ ಹಾಕಿದ್ರು. ಕಲ್ಲಿದೆಯಲ್ಲ, ಮರ ಯಾಕೆ ಬೇಕು ಅಂದ್ಕೊಂಡೆ. ಎಲ್ಲರದ್ದೂ ತಲೇಲಿದೆ, ಇದೊಂದೇ ಇಲ್ಲ. ಆ ಮೂಲೇಲಿ ಅಂತ ಗೊತ್ತು. ಎಲ್ಲಿ ಅಂತ ಕೇಳಿದ್ರೆ..." ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಮನಸ್ಸಿಗೆ ಬಂದ ಕಡೆ ತೋರಿಸಿಬಿಡ್ಲಾ ಅಂತಾನೂ ಯೋಚನೆ ಮಾಡ್ದೆ. ನಿನಗೆ ಸಮಾಧಾನ ಆಗ್ಲಿ ಅಂತ. ಆಗ್ಲಿಲ್ಲ."

ಕಾರ್ಲೀನ್ ಬಟ್ಟಲಿನಿಂದ ಸಿಪ್ಪೆ ಆರಿಸಿ ತೆಗೆದಳು. "ಹಾಗಾದ್ರೆ ಇಷ್ಟು ದಿನ ರಾಯ್ಸ್ ಮೇಲೆ ಹರಿಹಾಯ್ದಿದ್ದು?"

"ಹೆದರಿಕೇಲಿ. ಅವನ ಮೇಲೆ ಸಿಟ್ಟು ಮಾಡ್ಕೊಂಡಿರೋ ತನಕ ಯಾರೂ ನನ್ನ ಕೇಳಲ್ಲ ಅಂತ."

ಬುಟ್ಟಿ ಮುಗಿಯುವವರೆಗೂ ಇಬ್ಬರೂ ಸುಲಿದರು. ಏಳುವಾಗ ಅತ್ತೆಯ ಮೊಣಕಾಲು ಹಿಡಿದುಕೊಂಡಿತು. ಅವಳು ಕೈಕೊಟ್ಟು ಎಬ್ಬಿಸಿದಳು, ಕೈ ಬಿಡಿಸಿಕೊಳ್ಳಲು ಅವಸರ ಮಾಡಲಿಲ್ಲ.

ರಾತ್ರಿಯೂಟ ಬೇಗನೆ ಮುಗಿಯಿತು. ಕಾರ್ಲೀನ್ ತಟ್ಟೆ ತೊಳೆದು ಕೊಡುತ್ತಿದ್ದಳು, ಲೇನಿ ಒರೆಸುತ್ತಿದ್ದಳು. ರಾಯ್ಸ್ ಕಿಟಕಿಯ ಕಲ್ಲನ್ನು ನೋಡಿ, "ಅದನ್ನ ಇನ್ನೂ ಇಟ್ಟಿಲ್ವಾ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಆದರೆ ಅವಳಲ್ಲಿ ಹನ್ನೊಂದು ವರ್ಷದಿಂದ ಕಟ್ಟಿ ನಿಂತಿದ್ದು ಆ ಮಾತಿಗೆ ಒಡೆಯಿತು.

"ಎಲ್ಲಿ ಇಡ್ಲಿ? ನೀನು ಹೇಳು."

"ಅಮ್ಮನಿಗೆ ಗೊತ್ತು..."

"ಅವರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ನಿನಗೆ ಗೊತ್ತಿರ್ಬೇಕಿತ್ತು ರಾಯ್ಸ್. ಆ ಕಲ್ಲನ್ನ ಕೈಯಲ್ಲಿ ಎತ್ತಿದೀಯಲ್ಲ, ಎತ್ತುವಾಗ ನಿನಗೆ ಏನೂ ಅನ್ನಿಸ್ಲಿಲ್ಲ. ಯಾಕಂದ್ರೆ ನೀನು ಅದನ್ನ ನೋಡೇ ಇರ್ಲಿಲ್ಲ. ಹನ್ನೊಂದು ವರ್ಷ ಗೇಟಿನ ಹತ್ರ ಕುರ್ಚಿ ಜೋಡಿಸ್ದೆ."

ಅವಳ ದನಿ ಏರಿರಲಿಲ್ಲ. ಸಾಬೂನಿನ ಕೈಯಲ್ಲಿ ತಟ್ಟೆ ಹಿಡಿದೇ ಇದ್ದಳು. ರಾಯ್ಸ್ ನೆಲ ನೋಡಿದ.

"ಹೌದು," ಎಂದ. "ಹೂಳೋಕೆ ನಾನು ಇರ್ಲಿಲ್ಲ. ಪೆಟ್ಟಿಗೆಗೆ ಒಂದು ಮೊಳೆ ಹೊಡೀಲಿಲ್ಲ. ಹರ್ಷೆಲ್ ಹೊಡ್ದ. ಆಮೇಲೆ ಯಾವ ಮುಖ ಇಟ್ಕೊಂಡು ಒಳಗೆ ಬರ್ಲಿ?"

"ಹೂಳೋಕೆ ನಾನೂ ಇರ್ಲಿಲ್ಲ."

ಅದನ್ನು ಅವನು ಯಾವತ್ತೂ ಹಾಗೆ ಎಣಿಸಿ ನೋಡಿರಲಿಲ್ಲ ಎಂಬುದು ಅವನ ಮುಖದಲ್ಲಿ ಕಂಡಿತು.

ಲೇನಿ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ಅವಳಿದ್ದಾಳೆಂಬುದನ್ನು ಇಬ್ಬರೂ ಮರೆತಿದ್ದರು.

"ಅಮ್ಮ," ಎಂದಳು. "ಈಗ ಕೇಳ್ಲಾ?"

"ಇವತ್ತು ಬೇಡ ಚಿನ್ನ. ಬೆಳಿಗ್ಗೆ ಆರೂ ಕಾಲಿಗೆ ಬಸ್ಸು. ಹೋಗಿ ಮಲ್ಕೋ."

ಮರುದಿನ ಗುರುವಾರ. ರಾಯ್ಸ್ ಸಂಜೆ ಲಾರಿ ನಿಲ್ಲಿಸಿ ಬಂದವನು ಬೂಟು ಬಿಚ್ಚಲಿಲ್ಲ. ಕೊಟ್ಟಿಗೆಯಿಂದ ಅಪ್ಪನ ಗುದ್ದಲಿ ತೆಗೆದು, ಬಾಯಿಗೆ ಅರ ಉಜ್ಜಿ ಹರಿತ ಮಾಡಿದ. ಇಮೋಜೀನ್ ಪಡಸಾಲೆಯಿಂದ ನೋಡುತ್ತಿದ್ದರು. ಲೇನಿ ಪಕ್ಕದಲ್ಲೇ ಇದ್ದಳು, ಆದರೂ ಅವರು ನೇರವಾಗಿ ಮಗನಿಗೇ ಹೇಳಿದರು:

"ಮಷಿನ್ನಿಂದ ಆಗಲ್ಲ. ಹುಲ್ಲಿನ ಬೇರೂ ಹೋಗ್ಬೇಕು. ಒಂದ್ಸಲ ಅಗೆದ ಮಣ್ಣು ಮುಂಚಿನ ಹಾಗೆ ಯಾವತ್ತೂ ಕೂರಲ್ಲ. ಮೇಲೆ ಬೂದು ಮರಳು, ಕೆಳಗೆ ಕೆಂಪು ಜೇಡಿ. ಅಗೆದು ಮುಚ್ಚಿದ ಕಡೆ ಎರಡೂ ಕಲಸಿಹೋಗಿರುತ್ತೆ. ತೆಳ್ಳಗೆ ಹೆರಿ. ಆಳಕ್ಕೆ ಕಚ್ಚಬೇಡ, ಗುರುತೇ ಹೋಗುತ್ತೆ."

"ಎಷ್ಟು ಜಾಗ ಅಮ್ಮ?"

"ಮೂಲೆ ಪೂರ್ತಿ."

"ಹೂವಿನ ಭಾನುವಾರಕ್ಕೆ ಹತ್ತೇ ದಿನ ಇದೆ."

"ಹಾಗಾದ್ರೆ ಇಲ್ಲಿ ನಿಂತು ನನ್ನ ಮುಖ ನೋಡ್ತಾ ಇರ್ಬೇಡ."

ಅವನು ದಿನಾ ಸಂಜೆ ಬೆಳಕಿರುವವರೆಗೂ ಹೆರೆದ. ಮೊದಲ ದಿನ ಅಂಗೈಯಲ್ಲಿ ಬೊಬ್ಬೆ ಎದ್ದವು, ಮೂರನೆಯ ದಿನ ಒಡೆದವು. ಕಾರ್ಲೀನ್ ರೊಟ್ಟಿ, ಮಾಂಸದ ತುಂಡು ಕಟ್ಟಿಕೊಂಡು ಹೋಗಿ ಗೇಟಿನ ಬಳಿ ಕೊಡುತ್ತಿದ್ದಳು. ಆಮೇಲೆ ಗೇಟಿನಲ್ಲಿ ಕೊಡುವುದು ಬಿಟ್ಟು ಒಳಗೇ ಹೋದಳು, ಇನ್ನೊಂದು ಗುದ್ದಲಿ ತೆಗೆದುಕೊಂಡಳು. "ಅಲ್ಲಿ ಬೇರು ಉಳ್ದಿದೆ." "ಬಿಡು, ನಾನು ತೆಗೀತೀನಿ." ಲೇನಿ ಹಿಂದೆ ಹಿಂದೆ ಕಡ್ಡಿಪೊರಕೆಯಲ್ಲಿ ಗುಡಿಸಿಕೊಂಡು ಬರುತ್ತಿದ್ದಳು.

ಹರ್ಷೆಲ್ ಬೇಲಿಗೆ ಒರಗಿ ನೋಡಿದ. "ಎಲ್ಲಪ್ಪಾ ರಾಯ್ಸ್, ನಿನ್ನ ಮಷಿನ್ನು? ಪೇಟೇಲೆಲ್ಲ ಹಾಗೇ ಅಂದಿದ್ದೆ."

"ಕಲ್ಲು ಎತ್ತುವಾಗ ನೀನೂ ಜತೇಲಿದ್ದೆ ಹರ್ಷೆಲ್. ಪೆಟ್ಟಿಗೆ ಇಳಿಸಿದವನೂ ನೀನೇ. ಜಾಗ ನಿನಗಾದ್ರೂ ಗೊತ್ತಿರ್ಬೇಕಿತ್ತು."

"ಆವತ್ತು ಜೋರು ಮಳೆ. ಕಣ್ಣಲ್ಲೂ ನೀರು. ಏನು ಕಂಡಿತ್ತು ನನಗೆ?" ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮಿಸ್ ಇಮೋಜೀನ್ ಹಿಡಿ ಅಂದ ಕಡೆ ಹಿಡ್ದೆ, ಬಿಡು ಅಂದ ಕಡೆ ಬಿಟ್ಟೆ." ಆಮೇಲೆ ಮನೆಗೆ ಹೋಗಿ ತನ್ನ ಗುದ್ದಲಿ ತಂದ.

ಎರಡು ಗುರುತು ಸಿಕ್ಕವು, ಎರಡೂ ದೊಡ್ಡವರದು. ಇಮೋಜೀನ್ ಬಂದು ನೋಡಿ, ಇದು ಇಂಥವರು, ಅದು ಇಂಥವರು, ಸಿಗದೇ ಹೋದ ಮೂರು ಕಲ್ಲಲ್ಲಿ ಎರಡು ಇವರದೇ ಎಂದರು. ಶಿಶುವಿನದು ಸಿಗಲಿಲ್ಲ. ಮಂಗಳವಾರ, ಬುಧವಾರ ಸಿಗಲಿಲ್ಲ. ಮೂಲೆ ಮುಗಿಯುತ್ತ ಬಂತು. ಒಣಗಿದ ನೆಲ ಎಲ್ಲ ಕಡೆ ಒಂದೇ ಬಣ್ಣವಾಗಿ ಕಾಣುತ್ತಿತ್ತು. ಬುಧವಾರ ಮನೆಗೆ ಬರುವಾಗ ರಾಯ್ಸ್ ಹೆಂಡತಿಗೆ, "ಸಿಗದೇ ಹೋದ್ರೆ?" ಎಂದ. ಅವಳು, "ಮೂಲೆ ಇನ್ನೂ ಇದೆಯಲ್ಲ," ಎಂದಳು. ಅವಳಿಗೂ ಅಷ್ಟೇ ಗೊತ್ತಿದ್ದುದು.

ಗುರುವಾರ ಮಳೆ ಹೊಯ್ದಿತು. ಯಾರೂ ಗುಡ್ಡಕ್ಕೆ ಹೋಗಲಾಗಲಿಲ್ಲ.

ಶುಕ್ರವಾರ ಕಾರ್ಲೀನ್ ಶಾಲೆಯಿಂದ ಲೇನಿಯನ್ನು ತನ್ನ ಕಾರಿನಲ್ಲೇ ಕರೆದುಕೊಂಡು ಬಂದಳು. ಚರ್ಚಿನ ತಿರುವಿನಲ್ಲಿ ಲಾರಿ ನಿಂತಿತ್ತು. ಮೂರೂವರೆ ಗಂಟೆಗೆಲ್ಲ ರಾಯ್ಸ್ ಯಾವತ್ತೂ ಕೆಲಸ ಬಿಟ್ಟು ಬಂದವನಲ್ಲ. ಅವನು ಟೋಪಿ ಕೈಯಲ್ಲಿ ಹಿಡಿದು ಗೇಟಿನ ಒಳಗಡೆ ನಿಂತಿದ್ದ. ಬೂಟು, ಮೊಣಕಾಲು ಎಲ್ಲ ಕೆಸರು.

"ಬಾ," ಎಂದ. ಅಷ್ಟೇ.

ಮಳೆ ಮೂಲೆಯನ್ನೆಲ್ಲ ತೊಳೆದಿತ್ತು. ಹೆರೆದ ನೆಲ ಒದ್ದೆಯಾಗಿ, ಬೂದು ಬಣ್ಣಕ್ಕೆ ಹೊಳೆಯುತ್ತಿತ್ತು. ಆ ಬೂದು ಬಣ್ಣದ ನಡುವೆ ಒಂದು ಕಡೆ, ಅಡುಗೆಮನೆ ಮೇಜಿನ ಖಾನೆಯಷ್ಟು ಉದ್ದಗಲದ ಜಾಗ, ಕೆಂಪು ಬೆರೆತು ಮಚ್ಚೆ ಮಚ್ಚೆಯಾಗಿತ್ತು. ನಾಲ್ಕೂ ಅಂಚು ನೇರವಾಗಿತ್ತು. ಯಾರೋ ಬಹಳ ಜೋಪಾನದಿಂದ ಅಗೆದಿದ್ದರು.

ಇಮೋಜೀನ್ ಆಗಲೇ ಅಲ್ಲಿ ಮೊಣಕಾಲೂರಿದ್ದರು. ಅಂಗೈಯಿಂದ ಅಂಚನ್ನು ಸವರುತ್ತಿದ್ದರು. "ಕಾಲು ಪೂರ್ವಕ್ಕೆ," ಎಂದರು. "ನನ್ನ ಅತ್ತೆ ಗೋರಿ ಪಕ್ಕ. ಹೌದು. ಮುತ್ತಜ್ಜಿ ಜತೆಗಿರ್ಲಿ ಅಂತ ಇಲ್ಲೇ ಇಟ್ಟಿದ್ದೆ, ಈಗ ನೆನಪಾಯ್ತು. ಹೌದು ಕಣೇ."

ಕಾರ್ಲೀನ್ ಕುಳಿತಳು, ಒದ್ದೆ ನೆಲದಲ್ಲೇ, ಅಡುಗೆಮನೆಯ ಬಿಳಿ ಉಡುಪಿನಲ್ಲೇ. ಮಣ್ಣಿನ ಮೇಲೆ ಕೈಯಿಟ್ಟಳು. ಎಷ್ಟು ಚಿಕ್ಕದು ಎಂದುಕೊಂಡಳು. ಕಲ್ಲನ್ನೇ ನೋಡುತ್ತಿದ್ದವಳು ಇಷ್ಟು ವರ್ಷ ಅಳತೆ ನೋಡಿರಲಿಲ್ಲ. ರಾಯ್ಸ್ ಅವಳ ಎದುರಿಗೆ, ಆ ಸಣ್ಣ ಜಾಗದ ಆಚೆ ಬದಿಗೆ, ಕುಳಿತ. ಕೈ ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದುಕೊಂಡಿದ್ದ. ಆಮೇಲೆ ಅವನೂ ಮಣ್ಣಿನ ಮೇಲಿಟ್ಟ. ಭುಜ ಅಲುಗಿತು. ಇಮೋಜೀನ್ ಮಗನ ಬೆನ್ನ ಮೇಲೆ ಕೈಯಿಟ್ಟು, ಅವನು ಮಗುವಾಗಿದ್ದಾಗ ಕೆಮ್ಮಿದರೆ ತಟ್ಟುತ್ತಿದ್ದ ಹಾಗೆ, ಮೆಲ್ಲಗೆ ತಟ್ಟಿದರು.

"ಸಾಕು," ಎಂದರು ಕೊನೆಗೆ. "ಮಣ್ಣು ಏರಿಸು. ಬೆಳಕಿರೋವಾಗ್ಲೇ ಮುಗಿಸೋಣ."

ಅವರು ದಿಬ್ಬ ಏರಿಸಿದರು. ರಾಯ್ಸ್ ಮನೆಗೆ ಹೋಗಿ ಬಿಳಿ ಗೆರೆಯ ಕಲ್ಲನ್ನು ತಂದು ತಲೆಯ ಬಳಿ ನಿಲ್ಲಿಸಿದ. ಲೇನಿ ಸುತ್ತ ಗುಡಿಸಿದಳು. ಒಂದೇ ದಿಕ್ಕಿಗೆ, ಅಜ್ಜಿ ಕಲಿಸಿದ ಹಾಗೆ, ಪೊರಕೆಯ ಗೆರೆ ಒಂದರ ಪಕ್ಕ ಒಂದು ಬೀಳುವಂತೆ. ಗುಡಿಸಿ ಮುಗಿದ ಮೇಲೆ ಪೊರಕೆಯನ್ನು ಎದೆಗೆ ಒರಗಿಸಿಕೊಂಡು ನಿಂತಳು. ಬಲಕ್ಕೆ ಕ್ಲೀಟಸ್ ಇದ್ದ, ಎಡಕ್ಕೆ ಮುತ್ತಜ್ಜಿ ಇದ್ದಳು, ಬೇಲಿಯ ಕಡೆ ಲೂಡಿ ದೊಡ್ಡಮ್ಮ. ಈ ಮೂರು ವಾರದಲ್ಲಿ ಅವಳಿಗೆ ಎಲ್ಲರೂ ಪರಿಚಯವಾಗಿದ್ದರು.

ಅವಳು ಈ ಸಲ ಕೇಳಲಾ ಎಂದು ಅಪ್ಪಣೆ ಬೇಡಲಿಲ್ಲ.

"ಅಮ್ಮ," ಎಂದಳು. "ನನ್ನ ಅಣ್ಣನ ಹೆಸರೇನು?"